ಎರಡು ಪಾಲಿನ ರಕ್ತ

ನನ್ನ ಅತ್ತಿಗೆ ಕರೇರಿ ಬಸುರಿಯಾದಳೆಂದರೆ ನಮ್ಮ ತವರುಮನೆಯಲ್ಲಿ ಮಾತು ತಗ್ಗುತ್ತಿತ್ತು. ಯಾರೂ ಹಾರೈಸುತ್ತಿರಲಿಲ್ಲ, ಯಾರೂ ಹೆಸರು ಹುಡುಕುತ್ತಿರಲಿಲ್ಲ. ಅವ್ವ ಮಾತ್ರ ಅಡಿಕೆ ಕತ್ತರಿಸುತ್ತ ಕೂತಲ್ಲೇ ಕಣ್ಣೆತ್ತಿ ಸೊಸೆಯ ಹೊಟ್ಟೆಯ ಕಡೆ ನೋಡುವುದು, ಮತ್ತೆ ಅಡಿಕೆಯ ಕಡೆ ನೋಡುವುದು, ಹೀಗೆ ದಿನ ದೂಡುತ್ತಿದ್ದಳು.

ಮೊದಲು ಹೀಗಿರಲಿಲ್ಲ. ಕರೇರಿ ನನ್ನ ಸೋದರಮಾವನ ಮಗಳು. ಅಣ್ಣ ಲಾಂಡುವಿಗೆ ಅವಳೇ ಎಂದು ಚಿಕ್ಕಂದಿನಲ್ಲೇ ಆಗಿತ್ತು. ಸುಂಬಾ ದ್ವೀಪದ ನಮ್ಮ ಪೂರ್ವ ಕರಾವಳಿಯಲ್ಲಿ ಅಮ್ಮ ಬಂದ ಮನೆಯಿಂದಲೇ ಮಗನಿಗೂ ಹೆಣ್ಣು ತಂದರೆ ಹಿರಿಯರಿಗೆ ನೆಮ್ಮದಿ. ನಮ್ಮ ಕಡೆಯಿಂದ ಕುದುರೆಗಳು ಹೋದವು, ಆ ಕಡೆಯಿಂದ ನೇಯ್ದ ಬಟ್ಟೆಯೂ ಹಂದಿಗಳೂ ಬಂದವು, ಅವುಗಳ ಹಿಂದೆಯೇ ಮೊಣಕೈವರೆಗೆ ನೀಲಿ ಹತ್ತಿದ ಕೈಗಳ ಕರೇರಿ ಬಂದಳು. ಅವಳ ತಾಯಿ ಸೊಪ್ಪು ಕೊಳೆಸಿ ನೂಲಿಗೆ ನೀಲಿ ಬಣ್ಣ ಹಾಕುವವಳು, ಇವಳೂ ಅದನ್ನೇ ಕಲಿತವಳು. ಮದುವೆಯ ದಿನ ಯಾರೋ ಆ ಕೈ ನೋಡಿ ನಕ್ಕರೆ, "ಬಾವನ ಬೆನ್ನಿಗೆ ಗುದ್ದಿದ್ರೆ ಗುರುತು ಬೀಳ್ಲಿ ಅಂತ ತೊಳೀಲಿಲ್ಲ" ಎಂದಳಂತೆ. ಅಂಥ ಹೆಣ್ಣು.

ಮೊದಲ ಮಗು ಇಪು ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿಯಾಗಿ ಹುಟ್ಟಿತು. ಅವ್ವ ಹೆದರಲಿಲ್ಲ. ನಮ್ಮ ಮನೆಯ ಮಕ್ಕಳು ಹಾಗೇ ಹುಟ್ಟುವುದು, ಲಾಂಡುವೂ ಹಾಗೇ ಇದ್ದ ಎಂದು ಹೇಳಿ ಎಳೆಬಿಸಿಲಿಗೆ ಹಿಡಿದು ಕೂತಳು. ಕೆಲವು ವಾರಗಳಲ್ಲಿ ಹಳದಿ ಇಳಿಯಿತು, ಹುಡುಗಿ ದುಂಡಗಾದಳು.

ಎರಡನೆಯ ಬಸುರಿನಲ್ಲಿ ಹೊಟ್ಟೆ ಬೇಗ ಬೇಗ ದೊಡ್ಡದಾಯಿತು. ಅವಳಿ ಇರಬಹುದೆಂದು ಜನ ತಮಾಷೆ ಮಾಡಿದರು. ಏಳನೆಯ ತಿಂಗಳಲ್ಲಿ ಮಗುವಿನ ಒದೆತ ನಿಂತಿತು. ಹೊರಬಂದ ಗಂಡುಮಗುವಿನ ಮೈಯೆಲ್ಲ ನೀರು ತುಂಬಿ ಊದಿತ್ತು, ಬಣ್ಣ ಬಿಳಿಚಿಕೊಂಡಿತ್ತು. ಸೂಲಗಿತ್ತಿ ಬಟ್ಟೆ ಮುಚ್ಚಿದಳು. ಕರೇರಿ ಬಟ್ಟೆ ಸರಿಸಿ ನೋಡಿಯೇ ನೋಡಿದಳು. ಆಮೇಲೆ ಮೂರನೆಯದೂ ಹಾಗೆಯೇ ಹೋಯಿತು, ಅದೇ ತಿಂಗಳು, ಅದೇ ಊತ.

ನೀಲಿಯ ಮಡಕೆ ಇರುವ ಗುಡಿಸಲಿಗೆ ಗಂಡಸರು ಕಾಲಿಡುವಂತಿಲ್ಲ, ಬಸುರಿಯರು ಆ ಮಡಕೆಯೊಳಗೆ ಇಣುಕುವಂತಿಲ್ಲ. ಒಳಗೆ ಕೊಳೆಯುವ ಸೊಪ್ಪನ್ನು ಕಂಡರೆ ಗರ್ಭವೂ ಹಾಗೇ ಕೊಳೆಯುತ್ತದೆ ಎನ್ನುತ್ತಾರೆ. ಎರಡು ಮಕ್ಕಳು ಹೋದ ಮೇಲೆ ಊರಿನ ಬಾಯಿ ಅಲ್ಲಿಗೇ ಹೋಯಿತು. ಪೂಜಾರಿ ಕೋಳಿ ಕೊಯ್ದು ಕರುಳು ನೋಡಿ, ನೀಲಿಯ ಗುಡಿಸಲಲ್ಲಿ ಸತ್ತುಹೋದ ಯಾರೋ ಹಿರಿಯಳ ಕೋಪ ಕಾಣುತ್ತದೆ ಎಂದ. ಕರೇರಿ ಮರುದಿನವೇ ಮಡಕೆಗಳನ್ನು ಹೊಳೆಯ ದಂಡೆಗೆ ಒಯ್ದು ಬೋರಲು ಹಾಕಿದಳು. ಕೈಯ ನೀಲಿ ತಿಂಗಳುಗಟ್ಟಲೆ ಇಳಿಯಲಿಲ್ಲ, ಮರಳಿನಲ್ಲಿ ತಿಕ್ಕಿ ತಿಕ್ಕಿ ಚರ್ಮ ಸುಲಿದುಕೊಂಡಳು. ಯಾವತ್ತು ಇಣುಕಿದೆ, ಬಸುರಿ ಅಂತ ಗೊತ್ತಾಗುವ ಮುಂಚೆ ಇಣುಕಿದ್ದೂ ಲೆಕ್ಕಕ್ಕೆ ಬರುತ್ತದೆಯೋ ಎಂದು ನನ್ನನ್ನು ಕೇಳುತ್ತಿದ್ದಳು. ನನಗೆ ಏನು ಗೊತ್ತು?

ನಾನು ಮದುವೆಯಾಗಿ ಹೊಳೆಯಾಚೆಯ ಊರಿನಲ್ಲಿದ್ದೆ. ನನಗೆ ಇಬ್ಬರು ಗಂಡುಮಕ್ಕಳು, ದೊಡ್ಡವನು ರೆತಾಂಗ್, ಚಿಕ್ಕವನು ವಿಂಡಿ. ಆ ವರ್ಷ ಮಳೆ ಬಿಟ್ಟೂಬಿಡದೆ ಸುರಿದು ಗದ್ದೆಯೂ ಕುದುರೆಯ ಹೆಜ್ಜೆಗುಂಡಿಗಳೂ ಸೊಳ್ಳೆಯ ತೊಟ್ಟಿಲುಗಳಾದವು. ಚಳಿಜ್ವರ ನಮಗೆ ಹೊಸದಲ್ಲ. ಪಪಾಯಿ ಎಲೆಯ ಕಷಾಯ ಕುಡಿಸಿ ಕಂಬಳಿ ಹೊದಿಸಿದರೆ ಆಯಿತು ಎಂದುಕೊಂಡಿದ್ದೆವು. ಆದರೆ ಆ ಸಲ ಒಂದು ಮನೆಯಲ್ಲಿ, ಮತ್ತೊಂದು ಮನೆಯಲ್ಲಿ ಮಕ್ಕಳು ಜ್ವರದಲ್ಲೇ ಕಣ್ಣು ಮೇಲೆ ಮಾಡಿದರು. ವಿಂಡಿಗೆ ಬೆಳಿಗ್ಗೆ ಮೈ ಬಿಸಿಯಾಯಿತು. ಮರುದಿನ ಮಧ್ಯಾಹ್ನ ಗಂಜಿ ತಿನ್ನಿಸುತ್ತಿದ್ದಾಗ ಹಲ್ಲು ಕಚ್ಚಿಕೊಂಡ, ಕೈಕಾಲು ಸೆಳೆಯತೊಡಗಿದವು. ಹೊಳೆ ತುಂಬಿತ್ತು. ಗಂಡ ಅವನನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ದಾಟಿದ.

ಆರೋಗ್ಯ ಕೇಂದ್ರದಲ್ಲಿ ಪಕ್ಕದ ಮಂಚದ ಮೇಲೆ ಇಪು ಮಲಗಿದ್ದಳು, ಪಕ್ಕದಲ್ಲಿ ಕರೇರಿ. ಇಬ್ಬರು ಮಕ್ಕಳ ರಕ್ತವನ್ನೂ ಗಾಜಿನ ಮೇಲೆ ಸವರಿ ನೋಡಿದ ನರ್ಸ್, ಎರಡರಲ್ಲೂ ಮಲೇರಿಯಾ ಹುಳು ತುಂಬಿದೆ, ಹೆಚ್ಚುಕಡಿಮೆ ಒಂದೇ ಸಮ ಎಂದಳು. ಇಬ್ಬರಿಗೂ ಒಂದೇ ಔಷಧಿ ಏರಿಸಿದರು. ಇಪು ನಡುಗಿದಳು, ವಾಂತಿ ಮಾಡಿದಳು, ಆದರೆ ನೀರು ಕೇಳುತ್ತಿದ್ದಳು, ಮನೆಗೆ ಹೋಗೋಣ ಎಂದು ಅಳುತ್ತಿದ್ದಳು. ನನ್ನ ವಿಂಡಿ ಏನೂ ಕೇಳಲಿಲ್ಲ. ಹೆಸರು ಹಿಡಿದು ಕರೆದೆ, ಚಿವುಟಿದೆ. ಎಚ್ಚರವಾಗಲೇ ಇಲ್ಲ, ಹಾಗೇ ಹೋದ.

ಸಾವಿನ ಮನೆಯಲ್ಲಿ ಜನ ಕೂತಿದ್ದಾಗಲೇ ಮಾತು ಹುಟ್ಟಿತು. ಹೇಳಿದವಳು ನನ್ನ ಗಂಡನ ಚಿಕ್ಕಮ್ಮ, ನನಗೂ ಕೇಳಿಸುವ ಹಾಗೆಯೇ ಹೇಳಿದಳು: "ಹೊಟ್ಟೇಲಿದ್ದೋವನ್ನ ತಾನೇ ನುಂಗಿದ್ಲು. ಈಗ ನಾದಿನಿ ಮಗನ್ನ ಕೊಟ್ಟು ತನ್ನ ಮಗಳನ್ನ ಬಿಡಿಸ್ಕೊಂಡ್ಲು."

ಕರೇರಿ ಬಂದಾಗ ಜಗಲಿಯ ಅಂಚಿನಲ್ಲಿ ಕೂತಳು. ಎಲೆ ಅಡಿಕೆಯ ಬುಟ್ಟಿ ಎಲ್ಲರ ಮುಂದೆ ಹೋಯಿತು, ಅವಳ ಮುಂದೆ ನಿಲ್ಲಲಿಲ್ಲ. ಬಂದವರಿಗೆ ಎಲೆ ಅಡಿಕೆ ಕೊಡದಿರುವುದೆಂದರೆ ನಮ್ಮಲ್ಲಿ ಎದ್ದು ಹೋಗು ಎಂದ ಹಾಗೆ. ಅವಳು ಹೋಗಲಿಲ್ಲ, ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ನಾನು ಎದ್ದು ಬುಟ್ಟಿ ತಂದು ಅವಳ ಮುಂದಿಟ್ಟೆ.

"ವೀನಿ, ನೀನೂ ಹಂಗೇ ಅಂದ್ಕೊಂಡಿದ್ದೀಯಾ?" ಎಂದಳು.

"ಇಲ್ಲ ಅತ್ತಿಗೆ."

"ಅಂದ್ಕೊಂಡಿದ್ರೆ ಹೇಳ್ಬಿಡು. ನಂಗೇ ಒಂದೊಂದ್ಸಲ ಹಂಗನ್ಸತ್ತೆ." ಅಡಿಕೆ ಬಾಯಿಗೆ ಹಾಕಿಕೊಂಡಳು, ಅಗಿಯಲಿಲ್ಲ. "ಮತ್ತೆ ಹೊಟ್ಟೇಲಿ ನಿಂತಿದೆ. ಯಾರಿಗೂ ಹೇಳಿಲ್ಲ. ಬಾವಂಗೂ ಹೇಳಿಲ್ಲ."

ಮಳೆ ಇಳಿದ ಮೇಲೆ ಪಟ್ಟಣದಿಂದ ಡಾಕ್ಟರ್ ಮೆಲ್ಡಾ ಎಂಬುವಳು ಬಂದಳು. ತಿಮೋರಿನ ಕಡೆಯ ಹೆಂಗಸು, ಎತ್ತರದವಳು, ನಮ್ಮ ಜೊತೆ ನೆಲದ ಮೇಲೆ ಕೂತು ಅಡಿಕೆ ಜಗಿಯುವವಳು. ಯಾಕೆ ಇಷ್ಟು ಮಕ್ಕಳು ಸತ್ತವು ಎಂದು ತಿಳಿಯಲು ಎರಡೂ ಊರುಗಳ ಜನರನ್ನು ಶಾಲೆಗೆ ಕರೆಸಿ ಬೆರಳಿನ ರಕ್ತ ತೆಗೆದಳು. ವಿಂಡಿಯ ದುಃಖದಲ್ಲಿ ನಾನು ಮಾತ್ರ ಬೆರಳು ಕೊಡಲಿಲ್ಲ, ರೆತಾಂಗನಿಗೂ ಕೊಡಿಸಲಿಲ್ಲ. ಕರೇರಿ ಬರಲು ಒಪ್ಪಲಿಲ್ಲ. ಗಾಜಿನ ಮೇಲೆ ಹಾಕಿದರೆ ತನ್ನ ರಕ್ತದಲ್ಲಿರುವ ಕೆಟ್ಟದ್ದು ಎಲ್ಲರಿಗೂ ಕಂಡುಬಿಡುತ್ತದೆ ಎಂಬ ಭಯ. ಅವ್ವನೇ ಕೈ ಹಿಡಿದು ಎಳೆದುಕೊಂಡು ಬಂದಳು. ಶಾಲೆಯ ಕಿಟಕಿಗೆ ಜನ ಮುಗಿಬಿದ್ದು ನೋಡುತ್ತಿದ್ದರು. ಸೂಜಿ ಚುಚ್ಚುವಾಗ ಕರೇರಿ ಕಣ್ಣು ಮುಚ್ಚಿಕೊಂಡಳು, ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು.

ಹೋದ ಡಾಕ್ಟರ್ ಮತ್ತೆ ಬಂದಳು, ಬಂದು ನೇರ ನಮ್ಮ ತವರುಮನೆಯವರನ್ನೇ ಕರೆಸಿದಳು. ಊರಿಗೆ ಅದೇ ಸಾಕಾಯಿತು, ಕಂಡುಹಿಡಿದರು ಎಂದು ಗುಸುಗುಸು ಎದ್ದಿತು. ಶಾಲೆಯ ಕೋಣೆಯಲ್ಲಿ ಅವ್ವ, ಅಣ್ಣ, ಕರೇರಿ, ನಾನು. ಡಾಕ್ಟರ್ ಬಾಗಿಲು ಹಾಕಿಸಿ, ಸೂಕ್ಷ್ಮದರ್ಶಕದಲ್ಲಿ ಒಬ್ಬೊಬ್ಬರಿಗೂ ತೋರಿಸಿದಳು. ಮೊದಲು ಯಾರದೋ ರಕ್ತ: ಕಣಗಳು ನಾಣ್ಯದಂತೆ ದುಂಡಗೆ. ಆಮೇಲೆ ಕರೇರಿಯದು: ಅರ್ಧದಷ್ಟು ಕಣಗಳು ಕೋಳಿಮೊಟ್ಟೆಯ ಹಾಗೆ ಉದ್ದುದ್ದ, ಕೆಲವುಗಳ ನಡುವೆ ಅಡ್ಡಡ್ಡ ಸೀಳು. ಅಣ್ಣನದು ಹಾಗೆಯೇ, ಇಪುವಿನದು, ಅವ್ವನದು ಹಾಗೆಯೇ.

ಕಣದ ಹೊರಪೊರೆಯಲ್ಲಿ ಇರಬೇಕಾದ ಒಂದು ವಸ್ತು ಸ್ವಲ್ಪ ತುಂಡಾಗಿದೆ, ಅದಕ್ಕೇ ಪೊರೆ ಬಿರುಸು, ಆಕಾರ ಬೇರೆ, ಇದು ಕಾಯಿಲೆಯಲ್ಲ, ಹುಟ್ಟಿನಿಂದ ಬಂದದ್ದು, ಈ ಕರಾವಳಿಗಳಲ್ಲಿ ಎಷ್ಟೋ ಜನಕ್ಕಿದೆ ಎಂದು ಡಾಕ್ಟರ್ ವಿವರಿಸಿದಳು. ನಮಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ಆಗ ಅವಳು ತನ್ನ ಲಂಗದ ಅಂಚಿಗೆ ಹತ್ತಿದ್ದ ಉತ್ತರಾಣಿ ಬೀಜ ಕಿತ್ತು ತೋರಿಸಿದಳು.

"ಮಲೇರಿಯಾ ಹುಳು ಹೊಕ್ಕ ಕಣ ಹಿಂಗಾಗತ್ತೆ. ಮೈಮೇಲೆ ಸಣ್ಣ ಗಂಟುಗಳೇಳ್ತವೆ, ರಕ್ತನಾಳದ ಗೋಡೆಗೆ ಹೋಗಿ ಅಂಟ್ಕೊಳ್ಳತ್ತೆ. ಮೆದುಳಿನ ಸಣ್ಣ ನಾಳದಲ್ಲಿ ಅಂಟ್ಕೊಂಡು ತುಂಬ್ಕೊಂಡ್ರೆ ಮಗು ಎಚ್ಚರ ತಪ್ಪತ್ತೆ. ನಿಮ್ಮ ಈ ಉದ್ದ ಕಣಗಳೂ ಅಂಟ್ಕೊಳ್ತವೆ, ಕೆಲವು ಕಡೆ ಇನ್ನೂ ಗಟ್ಟಿಯಾಗೇ ಅಂಟ್ಕೊಳ್ತವೆ. ಆದ್ರೆ ಅವು ಹಿಡ್ಕೊಳ್ಳೋ ಜಾಗ ಬೇರೆ, ಮೈಯ ಬೇರೆ ಕಡೆ. ಮೆದುಳಿಗೆ ಕಡಿಮೆ ಅಂತ ತಿಳ್ಕೊಂಡಿದ್ದೀವಿ. ಪೂರ್ತಿ ಗೊತ್ತು ಅಂತ ನಾನು ಹೇಳಲ್ಲ. ಜ್ವರ ಇಪೂಗೂ ಬಂತು. ಮೆದುಳಿಗೆ ಮಾತ್ರ ಏರ್ಲಿಲ್ಲ."

ನಾನು ಕೇಳಿದೆ. ಕೇಳದೆ ಇರಲಾಗಲಿಲ್ಲ. "ನನ್ನ ವಿಂಡಿ?"

ಆರೋಗ್ಯ ಕೇಂದ್ರದಲ್ಲಿ ಉಳಿದಿದ್ದ ಅವನ ಗಾಜನ್ನು ಅವಳು ಆಗಲೇ ನೋಡಿದ್ದಳು. "ದುಂಡಗಿತ್ತಮ್ಮ. ಸಾಧಾರಣ ರಕ್ತ" ಎಂದು ನನ್ನ ಕೈ ಹಿಡಿದುಕೊಂಡಳು.

ಯಾವ ದೋಷವೂ ಇಲ್ಲದ ರಕ್ತ. ಅದನ್ನು ಹೊತ್ತುಕೊಂಡು ನನ್ನ ಮಗ ಹೋದ. ಆ ಮಾತು ಇವತ್ತಿಗೂ ನನಗೆ ನುಂಗಲು ಬರುವುದಿಲ್ಲ.

ಆಮೇಲೆ ಡಾಕ್ಟರ್ ಕರೇರಿಯ ಕಡೆ ತಿರುಗಿದಳು. ಅಪ್ಪನಿಂದಲೋ ಅಮ್ಮನಿಂದಲೋ ಒಂದು ಪಾಲು ಬಂದರೆ ಈ ರಕ್ತ ಕಾಯುತ್ತದೆ, ಇಬ್ಬರಿಂದಲೂ ಬಂದು ಎರಡು ಪಾಲಾದರೆ ಮಗು ಗರ್ಭದಲ್ಲೇ ರಕ್ತವಿಲ್ಲದೆ ನೀರುತುಂಬಿ ಹೋಗುತ್ತದೆ, ಹೋದ ಎರಡು ಮಕ್ಕಳದ್ದೂ ಅದೇ ಕಥೆ ಇರಬೇಕು, ನೀಲಿಯ ಮಡಕೆಗೂ ಅದಕ್ಕೂ ಸಂಬಂಧವಿಲ್ಲ ಎಂದಳು. ಅಣ್ಣ ಗೋಡೆಗೆ ಒರಗಿದ. ಎಲ್ಲರಿಗಿಂತ ಮೊದಲು ಮಾತಾಡಿದವಳು ಅವ್ವ.

"ಹಂಗಾದ್ರೆ ನನ್ನಿಂದ್ಲೇ ಬಂತು. ನಂದೊಂದು, ನನ್ನ ತಮ್ಮಂದೊಂದು. ಎರಡನ್ನೂ ತಂದು ಒಂದೇ ಮನೇಲಿ ಕಟ್ಟಿದೋಳು ನಾನೇ."

"ಅತ್ತೆ, ಸುಮ್ನಿರಿ" ಎಂದಳು ಕರೇರಿ. "ನೀವು ಕೊಡದಿದ್ರೆ ಇಪು ಇವತ್ತು ಇರ್ತಿರ್ಲಿಲ್ವೇನೋ." ಅಷ್ಟು ಹೇಳಿ ಡಾಕ್ಟರನ್ನು ಕೇಳಿದಳು, "ಈಗ ಒಳಗಿರೋದಕ್ಕೆ ಎಷ್ಟು ಪಾಲು?"

ಅಣ್ಣನಿಗೆ ಹೆಂಡತಿ ಬಸುರಿಯೆಂದು ತಿಳಿದದ್ದೇ ಆಗ. ಡಾಕ್ಟರ್ ಸುಳ್ಳು ಭರವಸೆ ಕೊಡಲಿಲ್ಲ. ನಾಲ್ಕರಲ್ಲಿ ಒಂದು ಭಾಗ ಆ ಅಪಾಯ, ಅದನ್ನು ತಡೆಯುವ ಔಷಧಿ ತನ್ನ ಬಳಿ ಇಲ್ಲ, ಪಟ್ಟಣಕ್ಕೆ ಬಂದು ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಿದ್ದರೆ ನೀರು ತುಂಬುತ್ತಿದೆಯೋ ಇಲ್ಲವೋ ಕಾಣುತ್ತದೆ ಎಂದಳು.

ಕಾರಣ ತಿಳಿದರೆ ಭಯ ಕಡಿಮೆಯಾಗುತ್ತದೆ ಎನ್ನುವವರು ಆ ತಿಂಗಳುಗಳಲ್ಲಿ ನಮ್ಮ ಅತ್ತಿಗೆಯನ್ನು ನೋಡಬೇಕಿತ್ತು. ಮೊದಲಾದರೆ ಬಲಿ ಕೊಡಬಹುದಿತ್ತು, ಮಡಕೆ ಬೋರಲು ಹಾಕಬಹುದಿತ್ತು, ಹಿರಿಯರಿಗೆ ತಪ್ಪಾಯಿತು ಎನ್ನಬಹುದಿತ್ತು. ಈಗ ಮಾಡಲು ಏನೂ ಇಲ್ಲ. ಒಳಗೆ ಆಗಲೇ ತೀರ್ಮಾನವಾಗಿದೆ, ಅದು ಏನೆಂದು ಗೊತ್ತಿಲ್ಲ, ಅಷ್ಟೇ. ಹೊಟ್ಟೆ ಸ್ವಲ್ಪ ಬೆಳೆದರೂ ನೀರೇ ಎಂದು ಬೆಚ್ಚುವಳು, ಬೆಳೆಯದಿದ್ದರೆ ಅದಕ್ಕೂ ಬೆಚ್ಚುವಳು. ಜೋಳದ ಅನ್ನ, ನುಗ್ಗೆಸೊಪ್ಪಿನ ಸಾರು ಮುಂದಿಟ್ಟರೆ ಎರಡು ತುತ್ತು ತಿಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತುಬಿಡುವಳು. ಒದೆತಕ್ಕೆ ಕಾಯುತ್ತಿರುವಾಗ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ. ನಾನು ವಾರಕ್ಕೊಮ್ಮೆ ಹೊಳೆ ದಾಟಿ ಹೋಗುತ್ತಿದ್ದೆ. ನನ್ನದೇ ದುಃಖ ನನ್ನ ಮೈಮೇಲಿತ್ತು, ಆದರೂ ಅವಳ ಪಕ್ಕ ಕೂತರೆ ನನಗೆ ಉಸಿರಾಡಲು ಸ್ವಲ್ಪ ಸುಲಭವಾಗುತ್ತಿತ್ತು. ಯಾಕೆಂದು ಹೇಳಲಾರೆ.

ಸ್ಕ್ಯಾನಿಗೆ ವೈಂಗಾಪು ಪಟ್ಟಣಕ್ಕೆ ಹೋದಾಗ ಜೊತೆಗಿದ್ದವಳು ನಾನೇ. ಲಾರಿಯ ಹಿಂಭಾಗದಲ್ಲಿ ಬಾಳೆಗೊನೆ, ಕೋಳಿ, ಜನರ ನಡುವೆ ಕೂತು ಅವಳು ಪ್ರತಿ ಗುಂಡಿಗೂ ನನ್ನ ಮೊಣಕಾಲನ್ನು ಹಿಡಿದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರ್ ಮೆಲ್ಡಾ ಪರದೆಯನ್ನು ನೋಡುತ್ತ ನೋಡುತ್ತ ಮಾತು ನಿಲ್ಲಿಸಿದಳು. ಯಂತ್ರವನ್ನು ಹೊಟ್ಟೆಯ ಒಂದೇ ಕಡೆ ಮತ್ತೆ ಮತ್ತೆ ಒತ್ತಿದಳು. ಕರೇರಿ ಪರದೆಯನ್ನು ನೋಡಲಿಲ್ಲ, ಡಾಕ್ಟರ್ ಮುಖವನ್ನೇ ನೋಡುತ್ತಿದ್ದಳು.

"ಹೇಳಿ. ಹೋಗಿದ್ರೂ ಹೇಳಿ."

"ತಾಳಮ್ಮ, ಮಗು ತಿರುಗ್ಕೊಂಡು ಕೂತಿದೆ." ಯಂತ್ರವನ್ನು ಇನ್ನೊಂದು ಬದಿಗೆ ಸರಿಸಿದಳು. "ನೀರು ಕಾಣ್ತಿಲ್ಲ. ಈಗ ಕಾಣ್ತಿಲ್ಲ. ಮುಂದಿನ ತಿಂಗಳು ಮತ್ತೆ ಬನ್ನಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತ ಕರೇರಿ ಸಂತೋಷಪಡಲಿಲ್ಲ. ಈಗ ಎಂಬ ಒಂದು ಮಾತನ್ನೇ ಹಿಡಿದುಕೊಂಡಿದ್ದಳು. ಈಗ ಅಂದ್ರೇನು ವೀನಿ, ಈಗ ಅಂದ್ರೇನು ಎಂದು ದಾರಿಯುದ್ದಕ್ಕೂ ಕೇಳಿದಳು. ಮುಂದಿನ ತಿಂಗಳೂ ನೀರು ಕಾಣಲಿಲ್ಲ. ಏಳನೆಯ ತಿಂಗಳು ಹುಟ್ಟಿ ಮುಗಿಯುವವರೆಗೆ ಅವ್ವ ಅಂಗಳ ಬಿಟ್ಟು ಎಲ್ಲೂ ಹೋಗಲಿಲ್ಲ, ಹೊಲಕ್ಕೂ ಹೋಗಲಿಲ್ಲ.

ಮಗು ಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿತು. ಗಂಡು. ಕೆಂಪಗೆ, ಕಿರುಚುತ್ತ ಬಂತು, ಹಳದಿಯ ಸುಳಿವೂ ಇಲ್ಲ. ಅವ್ವ ನೆಲದ ಮೇಲೆ ಕೂತು ಅತ್ತಳು. ಡಾಕ್ಟರ್ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದುಕೊಂಡು ಹೋದವಳು ನಗುತ್ತ ಬಂದು, ಎಲ್ಲ ದುಂಡಗಿದೆ, ಯಾರ ಪಾಲೂ ಬಂದಿಲ್ಲ ಎಂದಳು. ಅಣ್ಣ ನಕ್ಕ. ಕರೇರಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆ ದುಂಡು ರಕ್ತಕ್ಕೆ ಏನಾಗಬಹುದೆಂದು ನಮ್ಮಿಬ್ಬರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕರೇರಿ ಹಾಡಹಗಲಲ್ಲೇ ಮಗುವಿನ ಮೇಲೆ ಸೊಳ್ಳೆಪರದೆ ಎಳೆದಳು.

ವಿಂಡಿಯ ಹೆಸರಿಡೋಣವೇ ಎಂದು ಅವ್ವ ನನ್ನನ್ನು ಕೇಳಿದಳು. ನಾನು ಉತ್ತರ ಕೊಡುವ ಮುಂಚೆ ಕರೇರಿಯೇ ಬೇಡವೆಂದಳು. ಅಜ್ಜನ ಹೆಸರು ಹುಂಗು ಎಂದು ಇಟ್ಟರು.

ಹುಂಗುವನ್ನು ಅವಳು ಬೆಳೆಸಿದ ರೀತಿ ನೋಡಿ ಊರು ನಗುತ್ತಿತ್ತು. ಸಂಜೆಯಾದರೆ ಉದ್ದ ತೋಳಿನ ಅಂಗಿ, ಕುದುರೆಯ ಹೆಜ್ಜೆಗುಂಡಿಗಳಿಗೆಲ್ಲ ಮಣ್ಣು. ಮೈ ಸ್ವಲ್ಪ ಬಿಸಿಯಾದರೂ ಮೋಟಾರುಬೈಕಿನಲ್ಲಿ ಆರೋಗ್ಯ ಕೇಂದ್ರಕ್ಕೆ. ಕರೇರಿಯ ಮಗ ಸೀನಿದರೆ ಪೆಟ್ರೋಲು ಖರ್ಚು ಎಂದು ಆಡಿಕೊಂಡರು. ಎರಡು ಸಲ ಅದು ಮಲೇರಿಯಾವೇ ಆಗಿತ್ತು. ಎರಡು ಸಲವೂ ಮೊದಲ ದಿನವೇ ಕೇಂದ್ರದವರು ಕೊಡುವ ನೀಲಿ ಮಾತ್ರೆ ಬಾಯಿಗೆ ಬಿತ್ತು. ಮಗು ಉಳಿಯಿತು. ಆಮೇಲೆ ಆಡಿಕೊಂಡವರೂ ಮಕ್ಕಳಿಗೆ ಜ್ವರ ಬಂದರೆ ಕಷಾಯ ಕಾಯಿಸುತ್ತ ಕೂರುವುದನ್ನು ಬಿಟ್ಟರು, ಅವಳ ಬಾಗಿಲಿಗೆ ಬಂದು ಬೈಕು ಕೇಳತೊಡಗಿದರು. ನನ್ನ ಗಂಡನ ಚಿಕ್ಕಮ್ಮನೂ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳು. ಕರೇರಿ ಬೈಕು ಕೊಟ್ಟಳು. ಅವಳು ಮತ್ತೆ ಬಸುರಿಯಾಗಲಿಲ್ಲ. ಇನ್ನೊಂದು ಸಲ ಹಾಗೆ ಕಾಯುವ ಶಕ್ತಿ ತನಗಿಲ್ಲ ಎಂದು ಅಣ್ಣನಿಗೆ ಸ್ಪಷ್ಟವಾಗಿ ಹೇಳಿದಳು.

ವರ್ಷಗಳು ಹೋದವು. ಇಪು ಮದುವೆಯ ವಯಸ್ಸಿಗೆ ಬಂದಳು. ನನ್ನ ರೆತಾಂಗಿಗೆ ಅವಳು ಸೋದರಮಾವನ ಮಗಳು, ಅಂದರೆ ಕೇಳುವ ಅಗತ್ಯವೇ ಇಲ್ಲದ ಹೆಣ್ಣು. ಹುಟ್ಟಿದಂದೇ ಅವಳನ್ನು ಸೊಸೆಯೆಂದು ಎತ್ತಿಕೊಂಡಿದ್ದೆ. ನಮ್ಮ ಹಿರಿಯರು ಎಲೆ ಅಡಿಕೆ ಹಿಡಿದು ಹೋದರು, ನಾನೂ ಹೋದೆ. ಮಾತು ಮುಗಿಯಿತು ಅನ್ನುವಾಗ, ಹಿಂದೆ ಕೂತಿದ್ದ ಕರೇರಿ, ಹುಡುಗನ ರಕ್ತ ನೋಡದೆ ತಾನು ಒಪ್ಪುವುದಿಲ್ಲ ಎಂದಳು. ಚಾಪೆಯ ಮೇಲಿದ್ದ ಗಂಡಸರೆಲ್ಲ ಅವಳ ಕಡೆ ತಿರುಗಿದರು. ನನ್ನ ಗಂಡನ ಅಣ್ಣ, ಕುದುರೆ ಕೊಳ್ಳುವಾಗ ಹಲ್ಲು ನೋಡುತ್ತಾರೆ, ನೆಂಟರ ಮಗನ ರಕ್ತ ನೋಡುವುದನ್ನು ಇವತ್ತೇ ಕಂಡೆ ಎಂದು ಚುಚ್ಚಿದ.

"ನೋಡ್ಲಿ ಬಿಡಿ" ಎಂದೆ ನಾನು. "ನನ್ನ ಮಗ ತಾನೆ."

ರೆತಾಂಗ್ ತಾನಾಗಿಯೇ ಪಟ್ಟಣಕ್ಕೆ ಹೋಗಿ ಬೆರಳು ಕೊಟ್ಟು ಬಂದ. ನನ್ನ ಒಂದು ಮಗನಿಗೆ ಬಾರದ ಪಾಲು ಇನ್ನೊಬ್ಬನಿಗೆ ಬಂದಿತ್ತು. ಉದ್ದ ಕಣ, ನಡುವೆ ಸೀಳು. ಅದು ಅವನಿಗೆ ನನ್ನಿಂದಲೇ ಬಂದದ್ದೆಂದು ಆಮೇಲೆ ನನ್ನ ರಕ್ತ ನೋಡಿ ಹೇಳಿದರು. ಕರೇರಿ ಸುದ್ದಿ ಕೇಳಿ ನಮ್ಮ ಮನೆಗೆ ತಾನೇ ಬಂದಳು.

"ಕೊಡಲ್ಲ ವೀನಿ. ಬಟ್ಟೆ ಸರಿಸಿ ನೋಡಿದ್ದೀನಿ ನಾನು. ನನ್ನ ಮಗಳು ನೋಡೋದು ಬೇಡ."

ನಾನು ಬಹಳ ಹೊತ್ತು ಅತ್ತೆ, ಅವಳು ತಡೆಯಲಿಲ್ಲ. ನನ್ನ ಗಂಡನ ಕಡೆಯವರು ಒಂದು ಮಳೆಗಾಲವಿಡೀ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ. ಅವ್ವನೇ ನನ್ನ ತವರಿನ ಬೇರೆ ಕವಲಿನಲ್ಲಿ ಒಂದು ಹುಡುಗಿಯನ್ನು ಹುಡುಕಿ, ಅವಳ ರಕ್ತ ದುಂಡಗಿದೆ ಎಂದು ಗೊತ್ತಾದ ಮೇಲೆ ರೆತಾಂಗಿಗೆ ತಂದಳು. ಸಂಬಂಧ ಕಡಿಯಲಿಲ್ಲ. ಇಪು ವೈಂಗಾಪುವಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಪಕ್ಕದ ದ್ವೀಪದ ಹುಡುಗನೊಬ್ಬನನ್ನು ಮೆಚ್ಚಿದಳು. ಕರೇರಿ ಅವನ ಕುಲ ಕೇಳಲಿಲ್ಲ, ಜಮೀನು ಕೇಳಲಿಲ್ಲ. ಅವನು ಮೊದಲ ಸಲ ಮನೆಗೆ ಬಂದು ಕೂತಾಗ ಎಲೆ ಅಡಿಕೆಯ ಬುಟ್ಟಿ ಮುಂದಿಟ್ಟು, ಬೆರಳು ಚುಚ್ಚಿಸಿಕೊಳ್ಳಲು ಹೆದರಿಕೆಯೇನಾದರೂ ಇದೆಯಾ ಎಂದು ಕೇಳಿದಳು. ಹುಡುಗ ತಮಾಷೆಯೆಂದುಕೊಂಡು ನಕ್ಕ. ಇಪು ಅವನ ತೋಳು ತಿವಿದು, ನಗಬೇಡ, ಹೂಂ ಅನ್ನು ಎಂದಳು.